ಹನ್ನೆರಡು ವೋಲ್ಟು ಏನು ಮಾಡೀತು?

ನಮ್ಮ ಸವಣೂರಿನಲ್ಲಿ ಹೊಸ ಕಾರು ಮನೆಗೆ ಬಂದರೆ ಮೊದಲು ಪೂಜೆ, ಅನಂತರ ದೀಪಗಳ ಅಲಂಕಾರ. ಮುಂದೆ ಎರಡು ಫಾಗ್ ಲೈಟು, ಕೆಳಗೆ ನೀಲಿ ಪಟ್ಟಿ. ಅಲಂಕಾರಕ್ಕೆ ನನ್ನ ತಕರಾರಿಲ್ಲ. ಬಾನೆಟ್ ಎತ್ತಿದರೆ, ಫ್ಯೂಸೇ ಇಲ್ಲದೆ ಬ್ಯಾಟರಿಯಿಂದ ನೇರವಾಗಿ ಹೊರಟ ತಂತಿ ಕಾಣುತ್ತದಲ್ಲ, ತಕರಾರು ಅದಕ್ಕೆ. ಕೇಳಿದರೆ ಸಿದ್ಧ ಉತ್ತರ: “ಏನಾಗೂದಿಲ್ಲ ಸರ, ಬರೇ ಹನ್ನೆರಡು ವೋಲ್ಟ್ ಐತಿ.”

ಜೂಲ್ ನಿಯಮವನ್ನು ಬರೆದು ಪೂರ್ಣ ಅಂಕ ಪಡೆದ ನನ್ನ ವಿದ್ಯಾರ್ಥಿಗಳೂ ಹೀಗೆನ್ನುವುದು ನನ್ನ ಸಂಕಟ. 12 ವೋಲ್ಟು ಮೈಗೆ ಶಾಕ್ ಕೊಡದು, ನಿಜ. ಆದರೆ ತಂತಿಯನ್ನು ಕಾಯಿಸುವುದು ಅದರಲ್ಲಿ ಹರಿಯುವ ಪ್ರವಾಹ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಶಾರ್ಟ್ ಆದಾಗ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ಕಾರಿನ ಲೋಹದ ಮೈಯೆಲ್ಲ ಬ್ಯಾಟರಿಯ ಋಣ ತುದಿಗೆ ಸೇರಿರುವುದರಿಂದ ಎರಡನೆಯ ತಂತಿಯೇ ಬೇಕಿಲ್ಲ. ಧನ ತಂತಿಯ ಹೊದಿಕೆ ತಗಡಿನ ಅಂಚಿಗೆ ಉಜ್ಜಿ ಹರಿದರೆ ಸಾಕು. ನಮ್ಮ ರಸ್ತೆಗಳ ಕುಲುಕಾಟಕ್ಕೆ ಅದು ಎಷ್ಟು ದಿನದ ಕೆಲಸ?

ಫ್ಯೂಸ್ ಇರುವುದು ದೀಪದ ರಕ್ಷಣೆಗೆಂದು ಹಲವರ ಭಾವನೆ. ಅದು ಕಾಯುವುದು ತಂತಿಯನ್ನು. ಆದ್ದರಿಂದ ಅದರ ಸ್ಥಾನ ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೆ. ದೀಪದ ಪಕ್ಕದಲ್ಲಿ ಕೂಡಿಸಿದರೆ ನಡುವಿನ ತಂತಿಗೆ ದಿಕ್ಕಿಲ್ಲ. 55 ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳಿಗೆ 110ನ್ನು 12ರಿಂದ ಭಾಗಿಸಿ: ಸುಮಾರು 9 ಆಂಪಿಯರ್. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, 15 ಆಂಪಿಯರಿನ ಫ್ಯೂಸ್ ಇದಕ್ಕೆ ತಕ್ಕುದು. ಭಾರವನ್ನು ರಿಲೇ ಹೊರಲಿ, ಸ್ವಿಚ್ಚು ರಿಲೇಯನ್ನಷ್ಟೇ ನಡೆಸಲಿ. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಬಳೆ ಇರಲೇಬೇಕು.

“ಎಲ್‌ಇಡಿ ಕಡಿಮೆ ಕರೆಂಟು ಎಳೆಯುತ್ತದೆ, ಅದಕ್ಕೇಕೆ ಫ್ಯೂಸ್?” ಎಂದು ವಾದಿಸುವವರಿದ್ದಾರೆ. ದೀಪ ಸಣ್ಣದು, ಒಪ್ಪಿದೆ. ಹಿಂದಿರುವ ಬ್ಯಾಟರಿ ಅದೇ ಅಲ್ಲವೇ? ಸಣ್ಣ ದೀಪಕ್ಕೆಂದು ಎಳೆದ ಸಣ್ಣ ತಂತಿ ಇನ್ನೂ ಬೇಗ ಕೆಂಪಗೆ ಕಾಯುತ್ತದೆ. ಅಲ್ಲಿ ಫ್ಯೂಸ್ ಇನ್ನೂ ಚಿಕ್ಕದಿರಬೇಕೇ ಹೊರತು ಇಲ್ಲದಿರಬಾರದು. ಇನ್ನು, ನೀಲಿ ಬಣ್ಣದ 15 ಸುಟ್ಟಿತೆಂದು ಹಸಿರು 30 ತುರುಕುವವರು, ಸಿಗರೇಟು ಪೊಟ್ಟಣದ ಬೇಗಡೆ ಸುತ್ತುವವರು! ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿ ಕಟ್ಟುವ ಜಾಣರಿವರು. ಉಳಿಸಿದ್ದೆಷ್ಟು? ಒಂದು ಫ್ಯೂಸಿಗೆ ಒಂದು ಪೊಟ್ಟಣ ಸವಣೂರು ಖಾರದಷ್ಟೂ ಬೆಲೆಯಿಲ್ಲ.

ಮುಂದಿನ ಸಲ ನೀವು ಊರಿಗೆ ಬಂದಾಗ ನಿಮ್ಮ ಗಾಡಿಯ ಬಾನೆಟ್ ತೆರೆಸಿಯೇ ನೋಡುತ್ತೇನೆ, ಬೇಸರಿಸಬೇಡಿ. ದೀಪ ಹಾಕಿಸುವಾಗ “ಫ್ಯೂಸ್ ಎಲ್ಲೈತಿ?” ಎಂದು ಮಿಸ್ತ್ರಿಯನ್ನು ಕೇಳಿ. ಅವನು ನಕ್ಕರೆ, ಕೀಲಿ ಇಸಿದುಕೊಂಡು ಹೊರಟುಬಿಡಿ.