ಲಾರಿ ಮಾಡಿದ್ರೆ ಏನು ಪ್ರಯೋಜನ?



ರಿಮೋಟಿನಲ್ಲಿ ಓಡುವ ಲಾರಿಯೊಂದನ್ನು ನಮ್ಮ ಶಾಲೆಯ ನಾಲ್ಕು ಜನ ಸೇರಿ ಕಟ್ಟುತ್ತಿರುವುದು ಈಗ ಊರಿಗೆಲ್ಲ ಗೊತ್ತಾದ ಸಂಗತಿ. ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ. "ಇದರಿಂದ ಏನಪ್ಪಾ ಪ್ರಯೋಜನ?" ಮನೆಯಲ್ಲಿ ಅಜ್ಜಿ ಕೇಳಿದ್ದೂ ಇದೇ, ಹಾಲಿನ ಡೈರಿ ಹತ್ತಿರ ನಿಂತ ಮಾವಂದಿರು ಕೇಳಿದ್ದೂ ಇದೇ. ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ಅರ್ಧ ಮುಗಿದ ಲಾರಿಯನ್ನೇ ತೆಗೆದುಕೊಂಡು ಹೋಗಿದ್ದೆವು. ಅಲ್ಲಿ ತೀರ್ಪುಗಾರರೊಬ್ಬರು, "ಮಳೆನೀರು ಕೊಯ್ಲು ತೋರಿಸಿ, ಜ್ವಾಲಾಮುಖಿ ತೋರಿಸಿ, ಸರಿ. ಲಾರಿ ಯಾಕೆ?" ಅಂದರು. ಆಮೇಲೆ ಬಣ್ಣ ನೋಡಿ, "ಇದು ಡ್ರಾಯಿಂಗ್ ವಿಭಾಗಕ್ಕೆ ಹೋಗಬೇಕಿತ್ತು" ಅಂತ ಸೇರಿಸಿದರು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಪ್ರಯೋಜನ ಏನೂ ಇಲ್ಲ. ಖುಷಿಗೆ ಮಾಡ್ತಿದ್ದೇವೆ. ಆ ಖುಷಿಗೆ ಶಾಲೆಯಲ್ಲಿ ವಾರಕ್ಕೆ ಒಂದು ಗಂಟೆ ಜಾಗ ಇರಬೇಕು ಅನ್ನೋದಕ್ಕೇ ಈ ಲೇಖನ.

ವಿಮಾನ ಮಾಡಿದ್ದರೆ ಯಾರೂ ಹೀಗೆ ಕೇಳುತ್ತಿರಲಿಲ್ಲ ಅಂತ ನನಗೆ ಅನುಮಾನ. ಯಲಹಂಕದ ವಾಯುಪಡೆ ನೆಲೆಯಲ್ಲಿ 1996ರಿಂದ ವೈಮಾನಿಕ ಪ್ರದರ್ಶನ ನಡೀತಾ ಬಂದಿದೆ, ಜಕ್ಕೂರಿನಲ್ಲಿ ವಿಮಾನ ಹಾರಿಸೋದು ಕಲಿಸುವ ಸರ್ಕಾರಿ ಶಾಲೆಯೇ ಇದೆ. ಹಾಗಾಗಿ ನಮ್ಮ ಕಡೆ ಥರ್ಮೋಕೋಲಿನ ವಿಮಾನ ಹಿಡಿದ ಹುಡುಗನನ್ನು ಕಂಡರೆ "ಭೇಷ್, ಪೈಲಟ್ ಆಗ್ತಾನೆ" ಅಂತಾರೆ. ಲಾರಿ ಹಿಡಿದವನನ್ನು ಕಂಡರೆ "ಡ್ರೈವರ್ ಆಗ್ತೀಯೇನೋ?" ಅಂತಾರೆ, ಅದೂ ಬೈಯೋ ಧಾಟಿಯಲ್ಲಿ. ಆದರೆ ವಿಮಾನ ತಲೆ ಮೇಲೆ ಹೋಗುತ್ತೆ ಅಷ್ಟೆ. ಇಟ್ಟಿಗೆ, ಗೊಬ್ಬರ, ಸಿಮೆಂಟು ತಂದುಕೊಡೋದು ಲಾರಿ. ಯಶವಂತಪುರದ ಯಾರ್ಡಿಗೆ ಈರುಳ್ಳಿ ಹೊತ್ತು ಬರೋದೂ ಲಾರಿಯೇ. ಕೆಎ-04, ಕೆಎ-50 ನಂಬರಿನವು ಸರಿ, ಮಹಾರಾಷ್ಟ್ರ, ತಮಿಳುನಾಡಿನವನ್ನೂ ನಾವು ದಿನಾ ನೋಡ್ತೀವಿ. ನಮಗೆ ಗೊತ್ತಿರೋದನ್ನೇ ನಾವು ಮಾಡಿದ್ದು.

ಹೇಗೆ ಮಾಡಿದಿರಿ ಅಂತ ಚಿಕ್ಕ ತರಗತಿಯವರು ಕೇಳ್ತಿದ್ದಾರೆ, ಅದಕ್ಕೆ ಬರೆಯುತ್ತೇನೆ. ನಮ್ಮ ಲಾರಿ ನಿಜವಾದ ಲಾರಿಯ ಹದಿನಾರನೇ ಒಂದು ಭಾಗ. ಎಂಟು ಅಡಿ ಅಗಲ ಇದ್ದದ್ದು ಆರು ಇಂಚಾಯಿತು, ಇಪ್ಪತ್ತು ಅಡಿ ಬಾಡಿ ಹದಿನೈದು ಇಂಚಾಯಿತು. ಹದಿನಾರೇ ಯಾಕೆ ಅಂದರೆ ಚಕ್ರದಿಂದ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಿಒ ಮೋಟಾರ್ ಅಂತ ಹಳದಿ ಬಣ್ಣದ್ದು ಸಿಗುತ್ತೆ, ಅದಕ್ಕೆ ಕೂರುವ ಚಕ್ರ ಆರೂವರೆ ಸೆಂಟಿಮೀಟರ್. ದೊಡ್ಡ ಲಾರಿಯ ಟೈರು ಸುಮಾರು 105 ಸೆಂಟಿಮೀಟರ್ ಎತ್ತರ. ಭಾಗಿಸಿ ನೋಡಿ. ಚಕ್ರ ಮಾಡೋ ಕಷ್ಟ ತಪ್ಪಿತು. ಬಾಡಿಗೆ ಹಣ್ಣಿನಂಗಡಿಯ ಮರದ ಪೆಟ್ಟಿಗೆ, ಬಂಪರಿಗೆ ಎಣ್ಣೆ ಡಬ್ಬದ ತಗಡು. ರಿಮೋಟು, ಸರ್ಕ್ಯೂಟು, ಮುಂದಿನ ಚಕ್ರ ತಿರುಗಿಸುವ ಭಾಗ ಎಲ್ಲ ಒಂದು ಮುರಿದ ಆಟಿಕೆ ಕಾರಿನದು. ಬೆಸುಗೆ ಹಾಕಿದ್ದು ಒಂಬತ್ತನೇ ತರಗತಿಯ ತಂಗಿ. ಅವಳ ಕೈ ನಡುಗೋದಿಲ್ಲ, ನಮ್ಮ ಮೂವರದ್ದೂ ನಡುಗುತ್ತೆ.

ಅಂಗಡಿಯ ಆಟಿಕೆ ಕಾರು ಗುಂಡಿ ಒತ್ತಿದ ಕೂಡಲೇ ಬಾಣದ ಹಾಗೆ ಓಡುತ್ತೆ. ಲಾರಿ ಹಾಗೆ ಓಡಿದರೆ ನಗು ಬರುತ್ತೆ. ಈ ಮೋಟಾರಿಗೆ ನಾಲ್ಕು ಪೆನ್ಸಿಲ್ ಸೆಲ್, ಅಂದರೆ ಆರು ವೋಲ್ಟ್ ಕೊಟ್ಟರೆ ಭಾರ ಇಲ್ಲದಾಗ ಚಕ್ರ ನಿಮಿಷಕ್ಕೆ ಸುಮಾರು 200 ಸುತ್ತು ಸುತ್ತುತ್ತೆ. ಒಂದು ಸುತ್ತಿಗೆ 20 ಸೆಂಟಿಮೀಟರ್ ಚಿಲ್ಲರೆ. ಅಲ್ಲಿಗೆ ನಿಮಿಷಕ್ಕೆ 40 ಮೀಟರ್, ಗಂಟೆಗೆ 2.4 ಕಿಲೋಮೀಟರ್. ಅದನ್ನು ಹದಿನಾರರಿಂದ ಗುಣಿಸಿದರೆ ಗಂಟೆಗೆ 38 ಕಿಲೋಮೀಟರ್! ಲೋಡು ತುಂಬಿದ ಲಾರಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹೋಗೋದೂ ಹೆಚ್ಚುಕಮ್ಮಿ ಅದೇ ವೇಗದಲ್ಲಿ. ತೂಕದ್ದೂ ಹೀಗೇ ಒಂದು ತಮಾಷೆ ಇದೆ. ಅಳತೆ ಹದಿನಾರು ಪಟ್ಟು ಇಳಿದರೆ ತೂಕ ಹದಿನಾರು ಸಲ ಹದಿನಾರು ಸಲ ಹದಿನಾರು, ಅಂದರೆ 4096 ಪಟ್ಟು ಇಳಿಯಬೇಕು. 16 ಟನ್ನಿನ ಲಾರಿ ನಾಲ್ಕು ಕೆ.ಜಿ. ಆಗುತ್ತೆ. ನಮ್ಮದು ಒಂದು ಕೆ.ಜಿ.ಯೂ ಇರಲಿಲ್ಲ, ಸಣ್ಣ ಕಲ್ಲು ಸಿಕ್ಕಿದರೂ ಕುಪ್ಪಳಿಸುತ್ತಿತ್ತು. ಎರಡು ಸೇರು ರಾಗಿ ತುಂಬಿದ ಮೇಲೆ ನಿಜವಾದ ಲಾರಿ ಹಾಗೆ ನಿಧಾನವಾಗಿ ತೂಗಾಡಿಕೊಂಡು ಹೋಯಿತು.

"ನೋಡಿದ್ರಾ, ಇದರಲ್ಲೇ ಗಣಿತ ಕಲಿತ್ರಲ್ಲ" ಅಂತ ಮೇಷ್ಟ್ರು ಖುಷಿಪಟ್ಟರು. ಅವರಿಗೆ ನಮಸ್ಕಾರ. ಆದರೆ ಗಣಿತ ಕಲಿಯೋದಕ್ಕೆ ಲಾರಿ ಮಾಡಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಹಾಗೆ ಹೇಳಿದ ದಿನದಿಂದ ಲಾರಿಯೂ ಒಂದು ಹೋಂವರ್ಕ್ ಆಗುತ್ತೆ, ಅಂಕ ಬರುತ್ತೆ, ಅಪ್ಪಂದಿರು ಅಂಗಡಿಯಿಂದ ರೆಡಿಮೇಡ್ ತಂದುಕೊಡ್ತಾರೆ. ಪ್ರಾಜೆಕ್ಟುಗಳ ಗತಿ ಏನಾಗಿದೆ ಅಂತ ಎಲ್ಲರಿಗೂ ಗೊತ್ತೇ ಇದೆ.

ಇನ್ನು ಬಣ್ಣದ ಮಾತು. ತೀರ್ಪುಗಾರರ ಜೊತೆ ನನಗೆ ನಿಜವಾದ ಜಗಳ ಇರೋದು ಇಲ್ಲಿ. ಬಣ್ಣ ಅಂದರೆ ಕೊನೆಗೆ ಬಳಿಯೋ ಅಲಂಕಾರ ಅಂತ ಅವರು ತಿಳಿದಿದ್ದಾರೆ. ಚನ್ನಪಟ್ಟಣದ ಬೊಂಬೆ ನೋಡಿ. ಅಲ್ಲಿ ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತೆ. ಕಟ್ಟೋದು ಎಲ್ಲಿ ಮುಗೀತು, ಬಣ್ಣ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋದು ಕಷ್ಟ. ಲಾರಿಯೂ ಹಾಗೇ. ನಮ್ಮ ಬಾಡಿಗೆ ಮೊದಲು ಪ್ರೈಮರ್, ಆಮೇಲೆ ಪಟ್ಟಿ, ಆಮೇಲೆ ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜೋದು, ಮತ್ತೆ ಪ್ರೈಮರ್. ನಾಲ್ಕು ದಿನ ಬರೀ ಉಜ್ಜಿದ್ದೇವೆ. (ಥರ್ಮೋಕೋಲಿನಲ್ಲಿ ಮಾಡುವವರಿಗೆ ಒಂದು ಮಾತು: ಸ್ಪ್ರೇ ಬಣ್ಣ ನೇರವಾಗಿ ಹೊಡೀಬೇಡಿ, ಅದರ ದ್ರಾವಕಕ್ಕೆ ಥರ್ಮೋಕೋಲ್ ಕರಗಿ ಹಳ್ಳ ಬೀಳುತ್ತೆ.)

ಗೆರೆ ಎಳೆಯೋದನ್ನು ಹೇಳಿಕೊಟ್ಟವರು ಪಕ್ಕದ ಊರಿನ ತಾತ. ತುಮಕೂರು ರಸ್ತೆ ಕಡೆಯ ಬಾಡಿ ಕಟ್ಟೋ ಶೆಡ್ಡುಗಳಲ್ಲಿ ಮೂವತ್ತು ವರ್ಷ ಲಾರಿಗೆ ಬಣ್ಣ ಬರೆದವರು. ಕಿರುಬೆರಳನ್ನು ಹಲಗೆಗೆ ಊರಬೇಕು, ಬ್ರಷ್ಷಿಗೆ ಬಣ್ಣ ತುಂಬಾ ಕುಡಿಸಬೇಕು, ಉಸಿರು ಬಿಗಿಹಿಡಿದು ಒಂದೇ ಎಳೆತ. ನಡುವೆ ನಿಲ್ಲಿಸಿದರೆ ಗಂಟಾಗುತ್ತೆ. ಮುಂದುಗಡೆ ಗಂಡಭೇರುಂಡ, ಪಕ್ಕದಲ್ಲಿ ಹಸು ಕರು, ಹಿಂದೆ ದೃಷ್ಟಿ ತೆಗೆಯೋ ರಾಕ್ಷಸನ ಮುಖ. ಆರು ಇಂಚಿನ ಜಾಗದಲ್ಲಿ ಎಲ್ಲ ಬರೆದು ತೋರಿಸಿದರು. ಈಗ ಲಾರಿಗಳಿಗೆ ಸ್ಟಿಕ್ಕರ್ ಬಂದಿದೆ, ತಾತನಿಗೆ ಕೆಲಸ ಇಲ್ಲ. ನಮ್ಮ ಹತ್ತಿರ ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ. "ಲಾರಿ ಚಿಕ್ಕದಾದರೇನು, ಲಾರಿ ಲಾರಿನೇ ಕಣಪ್ಪ" ಅಂದರು.

ಎಸ್‌ಎಸ್‌ಎಲ್‌ಸಿ ಇಟ್ಕೊಂಡು ಲಾರಿ ಆಟವಾ ಅಂತ ಅಮ್ಮ ಕೇಳೋದು ನ್ಯಾಯವೇ. ದುಡ್ಡಿನ ಮಾತೂ ನ್ಯಾಯವೇ, ಮೋಟಾರು, ಸೆಲ್, ಬಣ್ಣ ಸೇರಿ ನಾಲ್ವರಿಂದ ಐನೂರು ರೂಪಾಯಿ ಹತ್ತಿರ ಬಂತು. ಎಲ್ಲರ ಮನೆಯಲ್ಲೂ ಅದು ಸುಲಭ ಅಲ್ಲ. ಅದಕ್ಕೇ ಶಾಲೆಯಲ್ಲಿ ಆಗಬೇಕು ಅನ್ನೋದು. ಒಂದು ಬೆಸುಗೆ ಕಡ್ಡಿ, ಎರಡು ಗರಗಸ, ನಾಲ್ಕು ಡಬ್ಬಿ ಬಣ್ಣ ಬೀರುವಿನಲ್ಲಿದ್ದರೆ ಇಪ್ಪತ್ತು ಜನಕ್ಕೆ ಸಾಕು. ಶನಿವಾರದ ಕೊನೆ ಅವಧಿ ಮೊದಲು ಕಾರ್ಯಾನುಭವಕ್ಕಿತ್ತು, ಈಗ ವಿಶೇಷ ತರಗತಿ ನುಂಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಆರರಿಂದ ಎಂಟನೇ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಅಂತ ಬರೆದಿದ್ದಾರಂತೆ. ಆ ಸಾಲಿಗೆ ಲಾರಿಗೆ ಬಣ್ಣ ಬರೆಯುವ ತಾತನನ್ನೂ ಸೇರಿಸಬಾರದೇಕೆ? ಗೌರವಧನ ಕೊಟ್ಟು ಕರೆಸಿದರೆ ಅವರು ಖಂಡಿತ ಬರ್ತಾರೆ. ನಾನೇ ಕೇಳಿ ಬಂದಿದ್ದೇನೆ. ಆ ಒಂದು ಅವಧಿ ವಾಪಸ್ ಕೊಡಿ ಅಂತ ಗುರುಗಳಲ್ಲಿ ವಿನಂತಿ. ಅಂಕ ಬೇಡ, ಪ್ರಮಾಣಪತ್ರ ಬೇಡ.

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ನೀರಿನ ತೊಟ್ಟಿಯೊಳಗೆ ಒಂದು ಪುಟ್ಟ ದೋಣಿಯನ್ನು ತಂತಿ ಇಲ್ಲದೆ ಓಡಿಸಿ ತೋರಿಸಿದ್ದರು. ಅವರನ್ನೂ ಯಾರೋ ಪ್ರಯೋಜನ ಕೇಳಿಯೇ ಇರಬೇಕು!

ಲಾರಿಯ ಹಿಂದಿನ ಹಲಗೆ ಇನ್ನೂ ಖಾಲಿ ಇದೆ. ಏನು ಬರೀಬೇಕು ಅಂತ ನಮ್ಮ ನಾಲ್ವರಲ್ಲೇ ಒಮ್ಮತ ಇಲ್ಲ. 'ಹಾರ್ನ್ ಓಕೆ ಪ್ಲೀಸ್' ಬೇಡ, ಅದನ್ನು ಮಹಾರಾಷ್ಟ್ರದಲ್ಲಿ 2015ರಲ್ಲೇ ನಿಷೇಧಿಸಿದ್ದಾರೆ, ಮೇಲಾಗಿ ನಮ್ಮ ಲಾರಿಗೆ ಹಾರ್ನೂ ಇಲ್ಲ. ನಿಮಗೆ ಹೊಳೆದದ್ದನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗಿರುವ ಡಬ್ಬಕ್ಕೆ ಹಾಕಿ. ಹಲಗೆ ಆರು ಇಂಚು ಅಗಲ, ಹನ್ನೆರಡು ಅಕ್ಷರ ಮೀರಬಾರದು. ಸಿನಿಮಾ ಹೆಸರು ಬೇಡ.

— 10ನೇ ತರಗತಿ, 'ಎ' ವಿಭಾಗ