ಕಂಡದ್ದನ್ನು ಬಾಯಿಬಿಟ್ಟು ಹೇಳಲಿ

ಹೋದ ತಿಂಗಳು ಗೌರಿಬಿದನೂರು ಕಡೆಯ ಹುಡುಗನೊಬ್ಬ ಶಿಡ್ಲಘಟ್ಟದ ನಮ್ಮ ಮನೆಗೆ ಬಂದಿದ್ದ. ಲಾಗ್‌ಬುಕ್ಕಿನಲ್ಲಿ 200 ಗಂಟೆ ದಾಟಿದ ಹಾರಾಟ, ಕೈಯಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಅದಕ್ಕಾಗಿ ಅವರಪ್ಪ ಮುಸುಕಿನ ಜೋಳ ಬೆಳೆಯುತ್ತಿದ್ದ ಒಂದೂವರೆ ಎಕರೆ ಮಾರಿದ್ದಾರೆ. ವಿಮಾನ ಕಂಪನಿಯೊಂದು ಸಿಮ್ಯುಲೇಟರ್ ಪರೀಕ್ಷೆಗೆ ಕರೆದಿತ್ತು. ಉಳಿದಿದ್ದು ಹನ್ನೊಂದು ದಿನ. ನಾನು ಏಳು ವರ್ಷದಿಂದ ಏರ್‌ಬಸ್ 320ರ ಬಲಗಡೆ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂರುವವನು. ಅದಕ್ಕೇ ಹುಡುಕಿಕೊಂಡು ಬಂದಿದ್ದ.

‘ಅಣ್ಣಾ, ಪಿಚ್ ಎಷ್ಟು ಇಡಬೇಕು, ಪವರ್ ಎಷ್ಟು?’ ಅಂತ ಮೊದಲು ಕೇಳಿದ. ಎಲ್ಲರೂ ಕೇಳುವುದು ಇದನ್ನೇ, ಕೇಳಬೇಕಾದ್ದೂ ಹೌದು. ಆಟೋಪೈಲಟ್, ಆಟೋಥ್ರಸ್ಟ್, ಫ್ಲೈಟ್ ಡೈರೆಕ್ಟರ್ ಎಲ್ಲ ತೆಗೆದು ಬರೀ ಕೈಯಲ್ಲಿ ಹಾರಿಸಲು ಹೇಳುತ್ತಾರೆ. ಮೇಲೇರಿ ಒಂದು ಎತ್ತರದಲ್ಲಿ ಸಮವಾಗಿ ನಿಲ್ಲಿಸಬೇಕು, 45 ಡಿಗ್ರಿ ವಾಲಿಸಿ ತಿರುಗಬೇಕು, ಹೋಲ್ಡಿಂಗ್‌ನಲ್ಲಿ ಸುತ್ತು ಹಾಕಬೇಕು, ಐಎಲ್‌ಎಸ್ ಸಂಕೇತ ಹಿಡಿದು ಇಳಿಯಬೇಕು, ನಡುವೆ ಒಂದು ಎಂಜಿನ್ ನಿಂತರೂ ನಿಲ್ಲಬಹುದು. ನನಗೆ ಗೊತ್ತಿದ್ದುದನ್ನೆಲ್ಲ ಬರೆದುಕೊಟ್ಟೆ. ಮೂರು ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸು, ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಅನ್ನುವುದು ಸಿಗುತ್ತದೆ. 140 ನಾಟ್ ಇದ್ದರೆ 700 ಅಡಿ. ಕಣ್ಣು ಒಂದೇ ಮೀಟರಿನ ಮೇಲೆ ಅಂಟಿಕೊಳ್ಳಬಾರದು ಅನ್ನುವುದಕ್ಕೆ ನಮ್ಮಮ್ಮ ರೇಷ್ಮೆ ನೂಲು ಬಿಚ್ಚುವುದನ್ನು ತೋರಿಸಿದೆ. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ, ಅಮ್ಮನ ಕಣ್ಣು ಒಂದು ಎಳೆಯಿಂದ ಇನ್ನೊಂದು ಎಳೆಗೆ ಹೋಗಿ ಮತ್ತೆ ಮೊದಲನೆಯದಕ್ಕೆ ಬರುತ್ತಲೇ ಇರುತ್ತದೆ. ಎಳೆ ಕಡಿಯುವ ಮುಂಚೆಯೇ ಕೈ ಅಲ್ಲಿಗೆ ಹೋಗಿರುತ್ತದೆ.

ಆಮೇಲೆ ಗೋಡೆಗೆ ಕಾಕ್‌ಪಿಟ್ ಪೋಸ್ಟರ್ ಅಂಟಿಸಿ, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ನಾನು ಕ್ಯಾಪ್ಟನ್, ಅವನು ಕೋ-ಪೈಲಟ್. ಎತ್ತರ ಬಾಯಲ್ಲೇ ಹೇಳುತ್ತಾ ಇಳಿಸುತ್ತಿದ್ದೆ. 5,000 ಅಡಿಯಲ್ಲಿ ನಿಲ್ಲಬೇಕು ಅಂತ ಇಬ್ಬರೂ ಒಪ್ಪಿಕೊಂಡಿದ್ದೆವು. ಬೇಕಂತಲೇ ನಿಲ್ಲಿಸಲಿಲ್ಲ. 4,900, 4,800, 4,600. ಹುಡುಗ ನನ್ನ ಮುಖ ನೋಡಿದ, ಪೋಸ್ಟರ್ ನೋಡಿದ, ಸುಮ್ಮನಾದ.

‘ನೋಡಿದೆಯಾ?’ ಅಂದೆ.

‘ನೋಡಿದೆ ಅಣ್ಣಾ. ನೀವು ಸೀನಿಯರು, ಗೊತ್ತಿದ್ದೇ ಮಾಡ್ತಿರ್ತೀರ ಅನ್ಕೊಂಡೆ.’

ನನ್ನ ಮೊದಲ ಪರೀಕ್ಷೆಯಲ್ಲಿ ನಾನು ಬಿದ್ದದ್ದು ಇಲ್ಲೇ. ಹಾರಾಟ ಕೆಟ್ಟಿರಲಿಲ್ಲ. ಪಕ್ಕದಲ್ಲಿದ್ದವರು ವೇಗ ಬೀಳಲು ಬಿಟ್ಟರು, ನಾನು ಕಂಡೂ ಬಾಯಿಬಿಡಲಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ ಸೀಮೆಯಲ್ಲಿ ಮಕ್ಕಳನ್ನು ನಾವು ಬೆಳೆಸುವುದೇ ಹೀಗೆ. ದೊಡ್ಡವರಿಗೆ ಎದುರಾಡಬೇಡ, ಮೇಷ್ಟ್ರು ತಪ್ಪು ಬರೆದರೂ ಎದ್ದು ನಿಲ್ಲಬೇಡ. ಆ ವಿನಯವನ್ನು ನಾನು ಹೀಗಳೆಯುವುದಿಲ್ಲ, ನಮ್ಮ ಮನೆಗಳು ನಿಂತಿರುವುದು ಅದರ ಮೇಲೆ. ಆದರೆ ಎಡಗಡೆ ಸೀಟಿನವರು ತಪ್ಪಿದಾಗ ಅದನ್ನು ಹೇಳುವುದಕ್ಕೆಂದೇ ಬಲಗಡೆಗೆ ಇನ್ನೊಬ್ಬನನ್ನು ಕೂರಿಸಿರುವುದು.

1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ 320 ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಸತ್ತರು. ಎಂಜಿನ್‌ಗಳು ಐಡಲ್‌ನಲ್ಲಿದ್ದವು, ವೇಗ ಇಳಿಯುತ್ತಾ ಹೋಯಿತು, ಗಂಡಾಂತರ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಕಾಕ್‌ಪಿಟ್‌ನಲ್ಲಿದ್ದ ಇಬ್ಬರಲ್ಲಿ ಒಬ್ಬರು ರೂಟ್ ಚೆಕ್ ಎಂಬ ಪರೀಕ್ಷೆಗೆ ಒಳಗಾಗಿದ್ದವರು, ಇನ್ನೊಬ್ಬರು ಅದನ್ನು ನೋಡುತ್ತಿದ್ದ ಪರೀಕ್ಷಕರು. 2010ರ ಮೇ 22ರ ಮಂಗಳೂರು ದುರಂತದಲ್ಲಿ ಕೋ-ಪೈಲಟ್ ಸುಮ್ಮನಿರಲಿಲ್ಲ, ‘ಗೋ ಅರೌಂಡ್’, ಅಂದರೆ ಇಳಿಸದೆ ಮತ್ತೆ ಮೇಲೇರಿ, ಎಂದು ಮೂರು ಸಲ ಹೇಳಿದ್ದರು ಅನ್ನುತ್ತದೆ ತನಿಖಾ ವರದಿ. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು, 158 ಜನ ಹೋದರು. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೇಳಿದ ಮೇಲೂ ಮಾಡಬೇಕಾದ್ದು ಒಂದು ಉಳಿದಿರುತ್ತದೆ: ‘ಐ ಹ್ಯಾವ್ ಕಂಟ್ರೋಲ್’ ಎಂದು ವಿಮಾನವನ್ನು ಕೈಗೆ ತೆಗೆದುಕೊಳ್ಳುವುದು. ನಮ್ಮ ಹುಡುಗರಿಗೆ ಎಲ್ಲಕ್ಕಿಂತ ಕಷ್ಟದ ಮಾತು ಅದೇ.

ಸಿಮ್ಯುಲೇಟರ್ ಬಾಡಿಗೆ ಗಂಟೆಗೆ ಸಾವಿರಾರು ರೂಪಾಯಿ. ಇನ್ನೂ ನಾಲ್ಕು ಗಂಟೆ ಕೊಂಡರೆ ಮಗ ಪಾಸಾಗುತ್ತಾನೆ ಅಂತ ಅಪ್ಪಂದಿರು ಮತ್ತೆ ಸಾಲಕ್ಕೆ ಓಡುತ್ತಾರೆ. ಒಂದೆರಡು ಗಂಟೆ ಬೇಕು, ನಿಜ. ಉಳಿದ ತಯಾರಿಗೆ ಪೋಸ್ಟರ್, ಎರಡು ಕುರ್ಚಿ, ತಪ್ಪು ಮಾಡಿ ತೋರಿಸಲು ಒಪ್ಪುವ ಒಬ್ಬ ಹಿರಿಯ ಸಾಕು. ಇದನ್ನು ನಮ್ಮ ಸರ್ಕಾರದ ಜಕ್ಕೂರು ವೈಮಾನಿಕ ತರಬೇತಿ ಶಾಲೆಯೂ ಸೇರಿದಂತೆ ಎಲ್ಲ ಫ್ಲೈಯಿಂಗ್ ಶಾಲೆಗಳೂ ಲೈಸೆನ್ಸ್ ಕೈಗೆ ಕೊಡುವ ಮುಂಚೆಯೇ ಮಾಡಿಸಬೇಕು. ಸಣ್ಣ ವಿಮಾನದಲ್ಲಿ ಒಬ್ಬನೇ ಹಾರಿಸಿ ಗಂಟೆ ತುಂಬಿಸಿಕೊಂಡ ಹುಡುಗನನ್ನು ನೇರ ಇಬ್ಬರ ಕಾಕ್‌ಪಿಟ್‌ಗೆ ಕಳಿಸಿ, ಅವನು ಮಾತಾಡಲಿಲ್ಲ ಅಂತ ವಾಪಸ್ ಕಳಿಸುವುದು ಅನ್ಯಾಯ. ಬೇಕಾದರೆ ಮೊದಲು ಕನ್ನಡದಲ್ಲೋ ತೆಲುಗಿನಲ್ಲೋ ಎದುರು ಹೇಳಿ ಅಭ್ಯಾಸವಾಗಲಿ, ಇಂಗ್ಲಿಷಿನ ಕಾಲ್‌ಔಟ್ ಆಮೇಲೆ ತಾನಾಗಿ ಬರುತ್ತದೆ.

ಹುಡುಗ ಐದು ದಿನ ಬಂದ. ಮೂರನೆಯ ದಿನ ‘ಅಣ್ಣಾ, ಎತ್ತರ...’ ಅಂತ ರಾಗ ಎಳೆದ. ಐದನೆಯ ದಿನ ಮತ್ತೆ 5,000 ಅಡಿ ದಾಟಿಸಿದೆ. ‘ಆಲ್ಟಿಟ್ಯೂಡ್!’ ಅಂದ. ನಾನು ಕೇಳಿಸದವನಂತೆ ಇಳಿಸುತ್ತಲೇ ಇದ್ದೆ. ಇನ್ನೊಮ್ಮೆ, ಇನ್ನೂ ಜೋರಾಗಿ ಅಂದ. ನಾನು ಬಗ್ಗಲಿಲ್ಲ. ‘ಐ ಹ್ಯಾವ್ ಕಂಟ್ರೋಲ್’ ಎಂದು ಪೋಸ್ಟರಿನ ಕಡೆ ಕೈ ಚಾಚಿದ. ಒಳಗಿನಿಂದ ಅಮ್ಮ, ‘ಯಾಕಪ್ಪಾ, ಜಗಳಾನಾ?’ ಅಂತ ಬಾಗಿಲಿಗೆ ಬಂದರು.

ಗುರುವಾರ ಅವನ ಪರೀಕ್ಷೆ. ಬೆಳಗಿನ ಜಾವವೇ ಗೌರಿಬಿದನೂರು ಬಿಡುತ್ತಾನಂತೆ.