ಹೊಸ ವಿದ್ಯುತ್ತಿನ ಲೆಕ್ಕದಲ್ಲಿ ಇಲ್ಲದ ಲೈನ್‌ಮನೆಗಳು

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ದೇಶದ ಒಂದು ಕೋಟಿ ಮನೆಗಳ ಛಾವಣಿಯ ಮೇಲೆ ಸೌರಫಲಕ ಕೂರಿಸುವುದು ಅದರ ಗುರಿ. ಎರಡು ಕಿಲೋವಾಟ್‌ವರೆಗೆ ಪ್ರತಿ ಕಿಲೋವಾಟ್‌ಗೆ 30,000 ರೂಪಾಯಿ, ಮೂರು ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚಾದರೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಹೊಗೆಯಿಲ್ಲ, ಸದ್ದಿಲ್ಲ, ಕಾಡು ಕಡಿಯಬೇಕಿಲ್ಲ. ಅಣೆಕಟ್ಟುಗಳ ಕಹಿಯನ್ನು ಉಂಡಿರುವ ಮಲೆನಾಡು ಇಂಥದೊಂದು ತಂತ್ರಜ್ಞಾನವನ್ನು ಸ್ವಾಗತಿಸಬೇಕಾದುದು ಸಹಜ. ಆದರೆ ಸ್ವಾಗತಿಸುವ ಮುನ್ನ ಕಳಸ, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ಸೀಮೆಯ ಮಳೆ, ಮನೆ ಮತ್ತು ಒಡೆತನಗಳಿಗೆ ಅದು ಹೊಂದುತ್ತದೆಯೇ ಎಂದು ಕೇಳಿಕೊಳ್ಳಬೇಕಾಗಿದೆ.

ಮೊದಲು ಮಳೆಯ ಮಾತು. ಮೃಗಶಿರದಲ್ಲಿ ಹಿಡಿದ ಮಳೆ ಆಶ್ಲೇಷಾ ಮುಗಿದರೂ ಬಿಡದ ಊರುಗಳಿವು. ಕೊಟ್ಟಿಗೆಹಾರದ ಸುತ್ತಮುತ್ತ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಗಾಳಿಗೆ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬೀಳುವುದೂ, ಕಂಬಗಳು ಉರುಳುವುದೂ, ಲೈನ್‌ಮನ್‌ಗಳು ಜೀವ ಒತ್ತೆಯಿಟ್ಟು ಜಿಗಣೆ ಕಾಟದ ನಡುವೆ ತಂತಿ ಎಳೆಯುವುದೂ ಇದೇ ತಿಂಗಳುಗಳಲ್ಲಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಭಾಗದಲ್ಲಿ ಗುಡ್ಡಗಳು ಕುಸಿದಾಗ, ದೀಪ ಮತ್ತು ದೂರವಾಣಿ ಬದುಕು-ಸಾವಿನ ಪ್ರಶ್ನೆಯಾಗಬಲ್ಲವು ಎಂಬುದು ಎಲ್ಲರಿಗೂ ಅರಿವಾಯಿತು. ಅಂದರೆ ಮಲೆನಾಡಿಗೆ ವಿದ್ಯುತ್ತು ಅತ್ಯಂತ ಅಗತ್ಯವಾಗುವ ಕಾಲದಲ್ಲಿಯೇ ಬಿಸಿಲೂ ಇರುವುದಿಲ್ಲ, ತಂತಿಯೂ ಇರುವುದಿಲ್ಲ.

ಸಾಮಾನ್ಯ ಗ್ರಾಹಕನಿಗೆ ಯಾರೂ ಬಿಡಿಸಿ ಹೇಳದ ಸಂಗತಿಯೊಂದು ಇಲ್ಲಿದೆ. ಈ ಯೋಜನೆಯಲ್ಲಿ ಛಾವಣಿಯ ಫಲಕ ಮೆಸ್ಕಾಂ ಜಾಲಕ್ಕೆ ಜೋಡಣೆಯಾಗಿರುತ್ತದೆ. ಹಾಗೆ ಜೋಡಣೆಯಾದ ಮಾಮೂಲಿ ಇನ್ವರ್ಟರ್, ಜಾಲದಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುತ್ತಿರುವ ಕೆಲಸಗಾರನಿಗೆ ಮನೆಯ ಕಡೆಯಿಂದ ವಿದ್ಯುತ್ ಹರಿದು ಅಪಾಯವಾಗದಿರಲೆಂದು ಮಾಡಿದ ವ್ಯವಸ್ಥೆಯಿದು, ತಪ್ಪೇನೂ ಅಲ್ಲ. ಆದರೆ ಪರಿಣಾಮವೇನು? ಮಳೆಯ ನಡುವೆ ಒಂದು ಹಗಲು ಹೊಳಪಾಗಿ ಬಿಸಿಲು ಬಂದರೂ, ಕಂಬ ಬಿದ್ದಿದ್ದರೆ ತಲೆಯ ಮೇಲಿನ ಫಲಕದಿಂದ ಒಂದು ದೀಪವೂ ಹತ್ತುವುದಿಲ್ಲ. ಅದಕ್ಕೆ ಬ್ಯಾಟರಿ ಬೇಕು, ಬ್ಯಾಟರಿಗೆ ಹೊಂದುವ ಬೇರೆ ಇನ್ವರ್ಟರ್ ಬೇಕು. ಆ ಹೆಚ್ಚುವರಿ ವೆಚ್ಚ ಮನೆಯವರದೇ. ದಿನದ ಬಹುಪಾಲು ವಿದ್ಯುತ್ ಇರುವ ಬೆಂಗಳೂರಿನ ಬಡಾವಣೆಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ವ್ಯವಸ್ಥೆ ಸಂಸೆಯ ಒಂಟಿಮನೆಗೆ ಹಾಗೆಯೇ ಬಂದಿಳಿದರೆ ಆಗುವುದು ಹೀಗೆಯೇ.

ಮಲೆನಾಡಿಗೆ ತನ್ನದೇ ಆದ ಉತ್ತರವೊಂದು ಹಳೆಯದಾಗಿಯೇ ಇದೆ. ಗುಡ್ಡದ ಅಬ್ಬಿ ನೀರನ್ನು ಅಡಿಕೆ ದಬ್ಬೆಗಳಲ್ಲಿ ಅಂಗಳಕ್ಕೆ ಹಾಯಿಸಿಕೊಂಡ ಜನರಿಗೆ, ಅದೇ ನೀರು ಬೀಳುವ ರಭಸದಿಂದ ಚಕ್ರ ತಿರುಗಿಸಬಹುದೆಂಬುದು ಹೊಸ ವಿಷಯವಾಗಿರಲಿಲ್ಲ. 2000ದ ದಶಕದಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ ಸಹಾಯಧನದೊಂದಿಗೆ ಮಲೆನಾಡಿನ ಜಿಲ್ಲೆಗಳ ಅನೇಕ ಮನೆಗಳು ಒಂದು ಕಿಲೋವಾಟ್ ಆಸುಪಾಸಿನ ಪುಟ್ಟ ಜಲವಿದ್ಯುತ್ ಯಂತ್ರಗಳನ್ನು ಹಾಕಿಸಿಕೊಂಡವು. ಲೆಕ್ಕ ಸರಳ. ಸೆಕೆಂಡಿಗೆ ಹತ್ತು ಲೀಟರ್ ನೀರು ಇಪ್ಪತ್ತು ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು ಎರಡು ಕಿಲೋವಾಟ್. ಪೈಪು, ಚಕ್ರ, ಜನರೇಟರುಗಳಲ್ಲಿ ಅರ್ಧ ನಷ್ಟವಾದರೂ ಒಂದು ಕಿಲೋವಾಟ್ ಉಳಿಯುತ್ತದೆ. ಹಗಲಿರುಳು ತಿರುಗಿದರೆ ದಿನಕ್ಕೆ 24 ಯೂನಿಟ್. ಒಂದು ಕಿಲೋವಾಟ್‌ನ ಸೌರಫಲಕ ಒಳ್ಳೆಯ ಬಿಸಿಲಿನ ದಿನವೂ ಕೊಡುವುದು ನಾಲ್ಕು ಯೂನಿಟ್ ಮಾತ್ರ. ಹಳ್ಳ ತುಂಬಿದಾಗ ಬಿಸಿಲಿಲ್ಲ, ಬಿಸಿಲು ಸುಡುವಾಗ ಹಳ್ಳ ಬತ್ತಿರುತ್ತದೆ. ಇವೆರಡನ್ನೂ ಒಂದು ಬ್ಯಾಟರಿಗೆ ಜೋಡಿಸಿದರೆ ವರ್ಷದ ಹನ್ನೆರಡು ತಿಂಗಳಿಗೂ ಒಪ್ಪುವ ಜೋಡಿ. ಇಷ್ಟು ಹೊಂದುವ ಇನ್ನೊಂದು ವ್ಯವಸ್ಥೆ ಘಟ್ಟದ ಮೇಲೆ ಸಿಗುವುದು ಕಷ್ಟ. ಹಾಗಿದ್ದೂ ಸೌರಫಲಕದ ಜಾಹೀರಾತಿನ ಅಬ್ಬರದಲ್ಲಿ ಪುಟ್ಟ ಚಕ್ರವನ್ನು ನೆನೆಯುವವರು ಕಡಿಮೆ. ಕಸ ಕಟ್ಟಿದ ಪೈಪಿನ ಬಾಯಿ ಬಿಡಿಸುವುದು, ಸವೆದ ಬೇರಿಂಗ್ ಬದಲಿಸುವುದು ಮನೆಯವರ ಮೇಲೆಯೇ ಬೀಳುತ್ತದೆ ಎಂಬುದೂ ನಿಜವೇ. ರಿಪೇರಿ ಬಲ್ಲ ಒಬ್ಬ ಹುಡುಗ ಹೋಬಳಿಗೊಬ್ಬನಂತೆ ಇದ್ದಿದ್ದರೆ ಈ ದೂರು ಅರ್ಧಕ್ಕರ್ಧ ಇರುತ್ತಿರಲಿಲ್ಲ.

ಆದರೆ ನೀರಿನ ವಿದ್ಯುತ್ತೆಲ್ಲ ಒಳ್ಳೆಯದೆಂದು ಯಾರೂ ಭ್ರಮಿಸಬೇಕಾಗಿಲ್ಲ. 25 ಮೆಗಾವಾಟ್‌ವರೆಗಿನ ಯೋಜನೆಗೂ ಸರ್ಕಾರಿ ಭಾಷೆಯಲ್ಲಿ 'ಕಿರು' ಎಂದೇ ಹೆಸರು. ಆ ಮಿತಿಯೊಳಗಿದ್ದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿಯ ಅಗತ್ಯವಿಲ್ಲ. ಒಂಟಿಮನೆಯ ಯಂತ್ರಕ್ಕಿಂತ ಇಪ್ಪತ್ತೈದು ಸಾವಿರ ಪಟ್ಟು ದೊಡ್ಡದು ಹೇಗೆ 'ಕಿರು' ಆಗುತ್ತದೆಯೋ ಅಧಿಸೂಚನೆ ಬರೆದವರಿಗೇ ಗೊತ್ತು! ಘಟ್ಟದ ಕೆಳಗಿನ ನೇತ್ರಾವತಿ, ಕುಮಾರಧಾರಾ ಕಣಿವೆಗಳಲ್ಲಿ ಇಂಥ ಯೋಜನೆಗಳು ಹೊಳೆಯನ್ನು ಕಟ್ಟಿ, ನೀರನ್ನು ಕಾಲುವೆಗೆ ತಿರುಗಿಸಿ, ಕೆಳಗೆ ಯಂತ್ರಗೃಹದ ಬಳಿ ಮತ್ತೆ ಬಿಡುತ್ತವೆ. ನಡುವಿನ ಹೊಳೆಪಾತ್ರ ಬೇಸಿಗೆಯಲ್ಲಿ ಬರಿಯ ಬಂಡೆ. ಹೊಳೆಯ ಆ ಭಾಗಗಳಲ್ಲಿ ನೀರಿನ ಉಷ್ಣತೆ ಏರುವುದನ್ನೂ ಮೀನುಗಳ ಜಾತಿ-ಸಂಖ್ಯೆ ಬದಲಾಗುವುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಅಲ್ಲಿ ಹುಟ್ಟಿದ ವಿದ್ಯುತ್ತು ನೇರ ಜಾಲಕ್ಕೆ ಹೋಗುತ್ತದೆ. ಹೊಳೆಯಂಚಿನ ಮನೆಗೆ ವಿಶೇಷವಾಗಿ ಏನನ್ನೂ ಕೊಡುವುದಿಲ್ಲ.

ಬಯಲುಸೀಮೆಯ ಸೌರವಿದ್ಯುತ್ತೂ ಈಗ ಘಟ್ಟದ ಬಾಗಿಲಿಗೆ ಬಂದಿದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಸಂಜೆ ಕೆಳಗೆ ಬಿಟ್ಟು ಮತ್ತೆ ವಿದ್ಯುತ್ ಪಡೆಯುವ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಅದರ ಫಲ. ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾನೇ ನುಂಗುವ ಈ ಯಂತ್ರಕ್ಕೆ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಿನ ಸಿಂಗಳೀಕಗಳ ಅಭಯಾರಣ್ಯವೇ ಬೇಕಾಗಿದೆ. 2025ರ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಅಲ್ಲಿನ ಜನ ಅದನ್ನು ಬಲವಾಗಿ ವಿರೋಧಿಸಿದರು. ಭದ್ರೆ, ಹೇಮಾವತಿಗಳ ಮೂಲದ ಗುಡ್ಡಗಳಲ್ಲಿ ವಾಸಿಸುವವರು ಆ ಕಡತವನ್ನು ಓದಿಟ್ಟುಕೊಳ್ಳುವುದು ಒಳಿತು.

ಇಷ್ಟೆಲ್ಲ ಚರ್ಚೆಯ ನಡುವೆಯೂ ಯಾರ ನಾಲಿಗೆಯ ಮೇಲೂ ಬಾರದವರು ಲೈನ್‌ಮನೆಗಳ ಜನ. ಸೂರ್ಯಘರ್ ಯೋಜನೆಗೆ ಅರ್ಜಿ ಹಾಕಲು ಸ್ವಂತ ಛಾವಣಿ ಇರಬೇಕು, ಅರ್ಜಿದಾರರ ಮನೆಗೆ ವಿದ್ಯುತ್ ಸಂಪರ್ಕ ಇರಬೇಕು. ಲೈನ್‌ಮನೆಯ ಛಾವಣಿ ತೋಟದ ಮಾಲೀಕರದು. ಕೆಲವೆಡೆ ಮೀಟರೂ ಅವರದೇ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ದೊಡ್ಡ ತೋಟಗಳು ಕಾರ್ಮಿಕರಿಗೆ ವಸತಿ ಒದಗಿಸುವುದು ಕರ್ತವ್ಯವಾಗಿದೆ. ಆದರೆ ವಸತಿ ಒಡೆತನವಲ್ಲ. ಮೂರು ತಲೆಮಾರಿನಿಂದ ಅದೇ ಸಾಲಿನಲ್ಲಿ ಇದ್ದವರಿಗೂ, ಈಚೆಗೆ ಅಸ್ಸಾಮಿನಿಂದ ಬಂದು ಕಾಫಿ ಕೊಯ್ಯುವವರಿಗೂ ಹೊಸ ವಿದ್ಯುತ್ತಿನ ಸಹಾಯಧನದಲ್ಲಿ ಒಂದು ರೂಪಾಯಿಯೂ ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯೂ ಮೀಟರನ್ನು ಆಧರಿಸಿದ್ದು. ತೋಟದ ಹೆಸರಿನ ಮೀಟರಿನಿಂದ ಬೆಳಕು ಪಡೆಯುವ ಸಂಸಾರಕ್ಕೆ ಅದೂ ತಲುಪದು. ಇನ್ನೊಂದೆಡೆ, ಗೃಹಜ್ಯೋತಿಯಿಂದ ಬಿಲ್ಲೇ ಇಲ್ಲದ ಸಣ್ಣ ಹಿಡುವಳಿದಾರ ಫಲಕಕ್ಕೆ ಸಾಲ ಮಾಡುವುದಿಲ್ಲ. ಹೀಗಾಗಿ ಸಹಾಯಧನ ಹರಿಯುವುದು ಹೆಚ್ಚು ಯೂನಿಟ್ ಉರಿಸುವ ದೊಡ್ಡ ಮನೆಗಳತ್ತ.

ಇದು ಕಾಫಿ ಸೀಮೆಯ ವಿಶೇಷವೂ ಅಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್‌ನ ಸೌರಪಾರ್ಕ್ ಎದ್ದಿತು. ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಆರಂಭಿಸಿದ್ದು ಮೆಚ್ಚಬೇಕಾದ ಕ್ರಮವೇ. ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡಿ, ಅದೇ ಬೀಳಿನಲ್ಲಿ ಕುರಿ ಮೇಯಿಸಿ ಬದುಕಿದವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಅಲ್ಲಿ ಪಹಣಿ, ಇಲ್ಲಿ ಛಾವಣಿ. ತಂತ್ರಜ್ಞಾನ ಹೊಸದಾದರೂ ಅದು ಹರಿಯುವ ಕಾಲುವೆ ಹಳೆಯ ಒಡೆತನದ್ದೇ.

ಬೇರೆ ದಾರಿಗಳು ಇಲ್ಲದಿಲ್ಲ. ಒಂದು ಕಡೆ ಸಾಮೂಹಿಕವಾಗಿ ಸೌರಘಟಕ ಹಾಕಿ, ಅದರ ಯೂನಿಟ್‌ಗಳನ್ನು ಹಲವು ಮನೆಗಳ ಬಿಲ್ಲಿಗೆ ಹಂಚುವ ಪದ್ಧತಿಗೆ ದೆಹಲಿಯಲ್ಲಿ 2019ರಲ್ಲೇ ನಿಯಮ ಮಾಡಲಾಯಿತು. ಪಂಚಾಯಿತಿ ಕಟ್ಟಡ ಅಥವಾ ಶಾಲೆಯ ಛಾವಣಿಯ ಘಟಕದಲ್ಲಿ ಲೈನ್‌ಮನೆಗಳಿಗೆ ಪಾಲು ಸಿಗುವಂತೆ ಮಾಡಲು ಪವಾಡ ಬೇಕಾಗಿಲ್ಲ. ಪ್ರತಿ ಸಂಸಾರಕ್ಕೂ ತನ್ನ ಹೆಸರಿನ ಮೀಟರ್ ಬೇಕು, ಅಷ್ಟೆ. ಅದಕ್ಕೆ ಮಾಲೀಕರು ಒಪ್ಪಿಗೆ ಕೊಡಬೇಕಾಗುತ್ತದೆ. ಅನೇಕರು ಹಿಂಜರಿಯುವುದು ಇಲ್ಲಿಯೇ, ಮೀಟರ್ ಕೊಟ್ಟರೆ ನಾಳೆ ಮನೆಯ ಹಕ್ಕನ್ನೂ ಕೇಳಿಯಾರೆಂಬ ಅಂಜಿಕೆಯಿಂದ. ಈ ಅಂಜಿಕೆಯನ್ನು ಬಹಿರಂಗವಾಗಿ ಚರ್ಚಿಸದೆ ಬೆಳೆಗಾರರ ಸಂಘಗಳು ಹವಾಮಾನ ಬದಲಾವಣೆಯ ಕುರಿತು ಎಷ್ಟು ವಿಚಾರಗೋಷ್ಠಿ ನಡೆಸಿದರೂ ಅದು ಅರ್ಧ ಮಾತೇ ಸರಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಮತ್ತು ಒಳಗಿನ ಒಂಟಿಮನೆಗಳದ್ದು ಇನ್ನೊಂದು ಬಗೆಯ ತೊಡಕು. ತಂತಿ ಎಳೆಯಲು ಅರಣ್ಯದ ಅನುಮತಿಯೇ ಸಿಗದೆ ವರ್ಷಗಳು ಕಳೆದಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಪ್ರಕರಣದ ಎರಡನೆಯ ಉಪಪ್ರಕರಣವನ್ನು ಅಲ್ಲಿನ ಯುವಕರೂ ವಿದ್ಯಾರ್ಥಿಗಳೂ ಒಮ್ಮೆ ಓದಬೇಕು. ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪು, ವಿದ್ಯುತ್ ತಂತಿಗಳ ಜೊತೆಗೆ ಅಸಾಂಪ್ರದಾಯಿಕ ಇಂಧನ ಮೂಲವೂ ಅದರ ಪಟ್ಟಿಯಲ್ಲಿದೆ. ಪ್ರತಿ ಸೌಲಭ್ಯಕ್ಕೆ ಬೇಕಾದ ಅರಣ್ಯಭೂಮಿ ಒಂದು ಹೆಕ್ಟೇರಿಗಿಂತ ಕಡಿಮೆಯಿರಬೇಕು, ಕಡಿಯುವ ಮರಗಳು ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಹತ್ತು ಮನೆಗೆ ಸಾಲುವ ಪುಟ್ಟ ಚಕ್ರಕ್ಕೆ ಒಂದು ಹೆಕ್ಟೇರಿನ ಸಣ್ಣದೊಂದು ಮೂಲೆ ಸಾಕು, ಮರ ಕಡಿಯುವ ಪ್ರಮೇಯವೂ ಬರಲಾರದು. ಕಡತ ಹೊರಡಬೇಕಾದದ್ದು ಬೆಂಗಳೂರಿನಿಂದಲ್ಲ, ಗ್ರಾಮಸಭೆಯ ನಡಾವಳಿ ಪುಸ್ತಕದಿಂದ. ಹಳ್ಳದ ನೀರನ್ನು ಜೂನ್‌ನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ಅಳೆದು ಬರೆದಿಟ್ಟುಕೊಂಡರೆ ಆ ನಿರ್ಣಯಕ್ಕೆ ಬೇಕಾದ ಅಂಕಿ ಅಂಶ ಒಂದೇ ವರ್ಷದಲ್ಲಿ ಸಿದ್ಧವಾಗುತ್ತದೆ. ಅಳೆಯಲು ಒಂದು ಬಕೆಟ್ ಮತ್ತು ಗಡಿಯಾರ ಇದ್ದರಾಯಿತು.